ನಾಲ್ಕು ಗಂಟೆಯ ನೆರಳು

ಮನೆ, ನಿಮ್ಮಪ್ಪನ ಹೊಲಿಗೆ ಮೇಜಿನಿಂದ
ಮಾರ್ಚ್ ೧೧, ಬುಧವಾರ ಮಧ್ಯಾಹ್ನ

ನನ್ನ ಮಸಿಮೂತಿ ಮಗಳೇ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಈಗಲೂ ಕುಂಚ ಹಿಡಿದರೆ ಹೊಟ್ಟೆಯೊಂದು ಇದೆಯೆಂಬುದೇ ಮರೆತುಹೋಗುತ್ತದೋ? ಬಣ್ಣ ತೊಳೆಯುವ ಆ ಎಣ್ಣೆಯ ವಾಸನೆಗೆ ನಿನಗೆ ಕೆಮ್ಮು ಬರುತ್ತಿತ್ತು, ಕಿಟಕಿ ತೆರೆದಿಟ್ಟುಕೊಂಡು ಕೆಲಸ ಮಾಡು. ಆರು ವರ್ಷದ ಕ್ಷೇಮಸಮಾಚಾರವನ್ನು ಒಂದೇ ಉಸಿರಿಗೆ ಕೇಳುವುದು ಹೇಗೆಂದು ತಿಳಿಯದೆ ಕೆಮ್ಮಿನಿಂದ ಶುರು ಮಾಡಿದ್ದೇನೆ, ನಗಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಬಲ ಮಂಡಿ ಮಾತ್ರ ಏಳುವಾಗ ಒಮ್ಮೆ, ಕೂರುವಾಗ ಒಮ್ಮೆ ಲಟಕ್ಕನೆ ಹಾಜರಿ ಹಾಕುತ್ತದೆ. ನಿಮ್ಮಪ್ಪನಿಗೆ ಸೂಜಿಗೆ ದಾರ ಪೋಣಿಸಲು ಈಗ ಮೂರು ಸಲ ಬೇಕು. ಕನ್ನಡಕ ಬದಲಾಯಿಸಿ ಎಂದರೆ, ಈಗಿನ ದಾರವೇ ದಪ್ಪ ಎನ್ನುತ್ತಾರೆ. ಬೆಳಿಗ್ಗೆಯಿಂದ ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಕಾರಣ ಆಮೇಲೆ ಹೇಳುತ್ತೇನೆ. ಮೇಜನ್ನು ಮಾತ್ರ ನನಗೆ ಬಿಟ್ಟುಕೊಟ್ಟು, ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಾರೆ.

ನಾನಾಗಿ ಮೊದಲು ಬರೆಯುವವಳಲ್ಲ ಎಂದು ಹಟ ಹಿಡಿದಿದ್ದೆ. ಹೋದವಳು ನೀನು, ಬರೆಯಬೇಕಾದವಳೂ ನೀನೇ ಎಂದು. ಆ ಹಟ ಮೊನ್ನೆ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮುರಿಯಿತು. ಮುರಿದದ್ದು ಹೇಗೆ ಎಂಬುದನ್ನು ಸಾವಕಾಶವಾಗಿ ಬರೆಯುತ್ತೇನೆ. ನಾನು ಕಥೆಯನ್ನು ಬಾಲದಿಂದ ಹೇಳುವವಳೆಂದು ನೀನು ಆಡಿಕೊಳ್ಳುತ್ತಿದ್ದೆ, ಈ ಸಲ ತಲೆಯಿಂದಲೇ ಹೇಳುತ್ತೇನೆ, ತಾಳ್ಮೆಯಿಂದ ಓದು.

ಕಳೆದ ವಾರ ನಮ್ಮ ಚಿತ್ರಶಾಲೆಯಲ್ಲಿ ಸಿನಿಮಾ ಶೂಟಿಂಗ್ ಇತ್ತು. ಗುರುವಾರದಿಂದ ಭಾನುವಾರದವರೆಗೆ ಜನರಿಗೆ ಬಾಗಿಲು ಮುಚ್ಚಿ, ನಾನು ಕಾವಲು ಕೂರುವ ಮೂರನೇ ಹಜಾರವನ್ನೇ ಅವರಿಗೆ ಬಿಟ್ಟುಕೊಟ್ಟಿದ್ದರು. ಇಪ್ಪತ್ತಾರು ವರ್ಷ ಒಬ್ಬರನ್ನೂ ಜೋರಾಗಿ ಕೆಮ್ಮಲು ಬಿಡದ ಹಜಾರದಲ್ಲಿ ಎಂಬತ್ತು ಜನ, ಹಾವಿನ ಹಾಗೆ ಹರಡಿಕೊಂಡ ತಂತಿಗಳು, ಆಳೆತ್ತರದ ದೀಪಗಳು. ನಿರ್ದೇಶಕ ಸದಾ ಕೆಂಪು ಟೋಪಿಯಲ್ಲಿರುವ ಮನುಷ್ಯ, ನಾವೆಲ್ಲ ಅವನನ್ನು ಕೆಂಪು ಟೋಪಿ ಎಂದೇ ಕರೆಯುತ್ತಿದ್ದೆವು. ಮೊದಲ ದಿನ ಚಹಾ ಕುಡಿಯುವಾಗ ನಾನು ಕೇಳದಿದ್ದರೂ ಪಕ್ಕದಲ್ಲಿ ಕೂತು ಕಥೆ ಹೇಳಿದ. ಇಬ್ಬರು ಕಳ್ಳರಂತೆ, ಒಬ್ಬ ಗಂಡಸು, ಒಬ್ಬಳು ಹೆಂಗಸು. ಚಿತ್ರಶಾಲೆಯೊಂದರಿಂದ ಮುನ್ನೂರು ವರ್ಷದ ಚಿತ್ರ ಕದಿಯುತ್ತಾರೆ. ಕದ್ದ ಮೇಲೆ ಅವನು ಅವಳಿಗೆ ಕೈಕೊಡುತ್ತಾನೆ, ಅವಳು ಅದಕ್ಕೂ ಮೊದಲೇ ಅವನಿಗೆ ಕೈಕೊಟ್ಟಿರುತ್ತಾಳೆ, ಅವರಿಬ್ಬರಿಗೂ ಚಿತ್ರ ಕೊಳ್ಳಲು ಬಂದವನು ಕೈಕೊಡುತ್ತಾನೆ. ಹೇಳುತ್ತಾ ಹೇಳುತ್ತಾ ಅವನ ಚಹಾ ತಣ್ಣಗಾಗಿ ಕೆನೆ ಕಟ್ಟಿತು. ನಾನು ಕೇಳಿದೆ, ‘ಅಷ್ಟೂ ಹೊತ್ತು ಆ ಚಿತ್ರ ಪಾಪ ಎಲ್ಲಿರುತ್ತಪ್ಪಾ?’ ಅವನು ನನ್ನನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿ, ‘ಅಮ್ಮಾ, ಎರಡು ವರ್ಷದಿಂದ ಈ ಕಥೆ ಬರೀತಿದೀನಿ, ಯಾರೂ ಇದನ್ನ ಕೇಳಿರಲಿಲ್ಲ’ ಎಂದು ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡ. ನನಗೆ ಆ ದಿನವೆಲ್ಲ ಕಾಲು ನೆಲದ ಮೇಲಿರಲಿಲ್ಲ.

ಸಿನಿಮಾ ಅಂದರೆ ಹುಡುಗಾಟ ಎಂದುಕೊಂಡಿದ್ದೆ. ಅಲ್ಲವೇ ಅಲ್ಲ ಕಣೇ. ಕಳ್ಳಿಯ ಪಾತ್ರದ ಹೆಂಗಸು ಗೋಡೆಯಿಂದ ಚಿತ್ರ ಇಳಿಸುವುದನ್ನು ಹದಿನೇಳು ಸಲ ಮಾಡಿದಳು, ನಾನು ಬಾಗಿಲಾಚೆ ನಿಂತು ಎಣಿಸಿದೆ. ಹದಿನಾರು ಸಲವೂ ನನಗೆ ಒಂದೇ ಥರ ಕಂಡಿತು. ಹದಿನೇಳನೆಯ ಸಲ ಅವಳು ಇಳಿಸುವ ಮುಂಚೆ ಚೌಕಟ್ಟಿನ ಅಂಚಿನ ದೂಳನ್ನು ಕಿರುಬೆರಳಿನಿಂದ ಒರೆಸಿದಳು, ಅಷ್ಟೇ. ನನ್ನ ಮೈ ಜುಮ್ಮೆಂದಿತು. ಕದಿಯುವ ವಸ್ತುವಿನ ದೂಳು ಒರೆಸುವವಳು ಎಂಥವಳಿರಬಹುದು ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ. ಒಂದು ಸುಳ್ಳನ್ನು ಇಷ್ಟು ಜನ ಸೇರಿ, ಇಷ್ಟು ಶ್ರದ್ಧೆಯಿಂದ, ಊಟ ಬಿಟ್ಟು ಮಾಡುತ್ತಾರಲ್ಲ, ನಾವು ನಿಜವನ್ನೂ ಅಷ್ಟು ಶ್ರದ್ಧೆಯಿಂದ ಮಾಡುವುದಿಲ್ಲ. ನಿಮ್ಮಪ್ಪನಿಗೆ ಹೇಳಿದರೆ ‘ಹದಿನೇಳು ಸಲ ಗುಂಡಿಗೆ ಕಾಜಾ ಹೊಲಿದ್ರೆ ನನ್ನನ್ನ ಯಾರೂ ಹೊಗಳಲ್ಲ’ ಎಂದರು.

ಅವರು ಕದಿಯಲು ಆರಿಸಿಕೊಂಡಿದ್ದು ಯಾವ ಚಿತ್ರ ಗೊತ್ತೇ? ನಮ್ಮ ‘ನೆಲ ಒರೆಸುವವಳು’. ನೀನು ಶಾಲೆ ಮುಗಿಸಿ ಬಂದು, ನನ್ನ ಕೆಲಸ ಮುಗಿಯುವ ತನಕ ಬೆಂಚಿನ ಕೆಳಗೆ ಕೂತು ಹಳೆಯ ಟಿಕೆಟ್ಟುಗಳ ಬೆನ್ನ ಮೇಲೆ ಯಾರ ಚಿತ್ರ ಬರೆಯುತ್ತಿದ್ದೆಯೋ, ಅವಳೇ. ಕಂಕುಳಲ್ಲಿ ಹಿಡಿಯುವಷ್ಟು ಚಿಕ್ಕ ಚಿತ್ರ. ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದು, ತಾನು ಒರೆಸಿದ ಕಲ್ಲಿನ ನೆಲವನ್ನು ನೋಡುತ್ತಿರುವ ಹೆಂಗಸು. ನಾನು ಚಿತ್ರಶಾಲೆಗೆ ಮೊದಲು ಸೇರಿದ್ದೂ ನೆಲ ಒರೆಸಲಿಕ್ಕೇ ಅಲ್ಲವೇ? ಆಮೇಲೆ ತಾನೇ ಕಾವಲಿನ ಕುರ್ಚಿ ಸಿಕ್ಕಿದ್ದು. ಹಾಗಾಗಿ ಅವಳ ಮೇಲೆ ನನಗೆ ಮೊದಲಿನಿಂದಲೂ ಒಂದು ಸಲಿಗೆ.

ಅಸಲು ಚಿತ್ರವನ್ನು ನಟಿಯ ಕೈಗೆ ಕೊಡುತ್ತಾರೆಯೇ? ಅದಕ್ಕೆ ಅವರು ಒಂದು ನಕಲು ತಂದಿದ್ದರು. ಬುಧವಾರ ಸಂಜೆ ನಮ್ಮ ಸ್ಟೋರ್ ನೋಡಿಕೊಳ್ಳುವವನು, ನೀನು ಬೀಗದ ಮಾಮ ಎನ್ನುತ್ತಿದ್ದೆಯಲ್ಲ, ಅವನೇ ಅಸಲನ್ನು ಇಳಿಸಿ ಸ್ಟೋರಿನಲ್ಲಿಟ್ಟು ಬೀಗ ಹಾಕಿದ. ಗೋಡೆಗೆ ನಕಲು ತೂಗುಹಾಕಿದರು. ಗೇಟಿನಲ್ಲಿ ನಕಲಿನ ಚೌಕಟ್ಟಿನ ಬೆನ್ನಿಗೆ ಹೊಡೆದ ರಟ್ಟಿನ ಮೇಲೆ ಮುದ್ರೆ ಒತ್ತಿ, ದಫ್ತರಿನಲ್ಲಿ ಬರೆದು, ಸಹಿ ಮಾಡಿಸಿಕೊಂಡರು. ಇದನ್ನೆಲ್ಲ ಓಡಾಡಿ ಮಾಡಿಸಿದ್ದು ಸಿನಿಮಾದವರ ಮ್ಯಾನೇಜರ್. ಅಚ್ಚುಕಟ್ಟಾದ ಮನುಷ್ಯ, ಮೆತ್ತಗೆ ಮಾತಾಡುತ್ತಿದ್ದ, ನನಗೆ ಕುರ್ಚಿ ತಂದು ಹಾಕಿದ. ಕುರ್ಚಿ ಹಾಕಿದವನ ಮೇಲೆ ಮಂಡಿ ನೋವಿನವರು ಅನುಮಾನ ಪಡುವುದಿಲ್ಲ. ನಾಲ್ಕೂ ದಿನ ನಮ್ಮನ್ನು ಬಾಗಿಲಾಚೆಯೇ ನಿಲ್ಲಿಸಿದ್ದರು. ಆ ದೀಪಗಳ ಝಗಮಗದಲ್ಲಿ ಎಲ್ಲದರ ಮೇಲೂ ನೂರೆಂಟು ನೆರಳು, ದೂರದಿಂದ ನಕಲಿನ ಮುಖ ಮೂತಿ ಒಂದೂ ಕಾಣುತ್ತಿರಲಿಲ್ಲ. ಭಾನುವಾರ ಸಂಜೆ ಗಂಟುಮೂಟೆ ಕಟ್ಟಿದರು. ಬೀಗದ ಮಾಮ ಸ್ಟೋರಿನಿಂದ ಚಿತ್ರ ತಂದು ಗೋಡೆಗೆ ಏರಿಸಿದ. ಗೇಟಿನವನು ನಕಲಿನ ಬೆನ್ನ ರಟ್ಟಿನ ಮುದ್ರೆ ನೋಡಿ, ಸೆಲ್ಯೂಟ್ ಹೊಡೆದು, ವ್ಯಾನು ಬಿಟ್ಟ.

ಸೋಮವಾರ ಹತ್ತಕ್ಕೆ ಬಾಗಿಲು ತೆರೆದು, ನನ್ನ ಕುರ್ಚಿಯಲ್ಲಿ ಕೂತೆ. ನಾಲ್ಕು ದಿನ ಕಾಣದ ಅವಳನ್ನು ನೋಡಿ ‘ಬಂದೆಯಾ’ ಎಂದುಕೊಂಡೆ. ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ತಿಳಿಯಲಿಲ್ಲ. ಹತ್ತಿರ ಹೋದೆ, ಹಿಂದೆ ಬಂದೆ. ಬಕೆಟ್ಟು ಇದೆ, ಒದ್ದೆ ಬಟ್ಟೆ ಇದೆ, ಕೆಂಪಾದ ಬೆರಳ ಗಿಣ್ಣು ಇದೆ, ಹಿಮ್ಮಡಿಯ ಬಿರುಕು ಇದೆ. ಆಮೇಲೆ ಕಂಡಿತು. ಕೆಳಗೆ ಎಡ ಮೂಲೆಯ ಕಲ್ಲಿನ ನೆಲದ ಮೇಲೆ ಓರೆಯಾಗಿ ಎರಡು ಮಸುಕು ಗೆರೆ. ಎಷ್ಟೋ ವರ್ಷ ನೋಡಿದ ಗೆರೆ, ಅದಕ್ಕೇ ಮೊದಲು ಅಲ್ಲಿರಬಾರದು ಅನ್ನಿಸಲೇ ಇಲ್ಲ. ಅದು ನಾಲ್ಕು ಗಂಟೆಯ ನೆರಳು. ಪಡುವಣ ಕಿಟಕಿಯ ಸರಳುಗಳ ನೆರಳು ಸಂಜೆ ನಾಲ್ಕಕ್ಕೆ ಚಿತ್ರದ ಮೇಲೆ ಬೀಳುತ್ತಿತ್ತು, ಸರಿಯಾಗಿ ಅವಳು ಒರೆಸಿದ ನೆಲದ ಮೇಲೆ. ಬಿಸಿಲಿಗೆ ಬಣ್ಣ ಕೆಡುತ್ತದೆಂದು ನಮ್ಮ ಚಿತ್ರಶಾಲೆ ನಡೆಸುವ ದೊಡ್ಡ ಮೇಡಂ ಐದು ವರ್ಷದ ಹಿಂದೆ ಆ ಕಿಟಕಿಗೆ ಹಲಗೆ ಹೊಡೆಸಿದರು. ಕಿಟಕಿಯೇ ಇಲ್ಲ, ಗಡಿಯಾರದಲ್ಲಿ ಬೆಳಿಗ್ಗೆ ಹತ್ತು, ನೆರಳು ಮಾತ್ರ ಅಲ್ಲೇ ಕೂತಿದೆ!

ನಿನಗೆ ಒಂಬತ್ತು ವರ್ಷ ಇದ್ದಾಗ ನನ್ನ ಸೆರಗು ಜಗ್ಗಿ ಕೇಳಿದ್ದೆ, ‘ಅಮ್ಮಾ, ಅವಳು ಅಷ್ಟು ಒರೆಸಿದ್ರೂ ಆ ಗೆರೆ ಯಾಕೆ ಹೋಗಲ್ಲ?’ ಅದು ಕಿಟಕಿ ನೆರಳು ಕಣೇ ಪೆದ್ದಿ ಎಂದಿದ್ದೆ. ನೀನು ಒಪ್ಪಿರಲಿಲ್ಲ, ಅವಳು ಅದನ್ನೇ ನೋಡ್ತಾ ಕೂತಿದಾಳೆ ಎಂದಿದ್ದೆ. ಈ ಚಿತ್ರವನ್ನು ಓದಿದವರು, ತೂಗಿದವರು, ಫೋಟೋ ತೆಗೆದವರು ಎಷ್ಟೋ ಜನ. ಆದರೆ ಶಾಲೆ ಬಿಟ್ಟು ಬಂದು ದಿನಾ ಸಂಜೆ ನಾಲ್ಕು ಗಂಟೆಗೆ ಮಾತ್ರ ನೋಡಿ, ಆ ನೆರಳೂ ಚಿತ್ರದ್ದೇ ಎಂದು ಮನಸ್ಸಿನಲ್ಲಿ ಇಳಿಸಿಕೊಂಡವಳು ಲೋಕದಲ್ಲಿ ಒಬ್ಬಳೇ. ಆ ತಪ್ಪು ಬೇರೆ ಯಾರ ಕೈಯಿಂದಲೂ ಆಗಲು ಸಾಧ್ಯವಿಲ್ಲ. ನೀನು ಕೂರುತ್ತಿದ್ದ ಬೆಂಚಿನ ಮೇಲೆ ಕೂತುಬಿಟ್ಟೆ. ಗೋಡೆಯ ಮೇಲಿದ್ದದ್ದು ನನ್ನ ಮಗಳ ಕೈ.

ಆಗ ನಾನು ಏನು ಮಾಡಬೇಕಿತ್ತು ಎಂದು ಕೂಸಿಗೂ ಗೊತ್ತು. ಎದ್ದು ಹೋಗಿ ಗಂಟೆ ಬಾರಿಸಬೇಕಿತ್ತು. ಅಸಲು ಕಳುವಾಗಿದೆ, ನಾನು ಕಾವಲಿನವಳು. ನಾನು ಏಳಲಿಲ್ಲ. ನಿನ್ನ ಹತ್ತಿರ ಮುಚ್ಚುಮರೆ ಏಕೆ, ಹೆದರಿಕೆಯಿಂದ ಮಾತ್ರ ಏಳದೆ ಕೂತದ್ದಲ್ಲ, ನೋಡಿ ಸಾಕಾಗಲಿಲ್ಲ. ಆ ಒದ್ದೆ ಬಟ್ಟೆಯ ತುದಿಯಲ್ಲಿ ಬೀಳಲಿರುವ ನೀರಿನ ಹನಿಯನ್ನು ನೀನು ಹೇಗೆ ಮಾಡಿದೆ ಮಾರಾಯ್ತಿ? ಬಿದ್ದೀತು ಎಂದು ನಾನು ಕಾಯುತ್ತಿದ್ದೆ! ಮುನ್ನೂರು ವರ್ಷದ ಬಿರುಕುಗಳನ್ನೂ ಕೂದಲೆಳೆಯಷ್ಟು ಸಣ್ಣಗೆ ಬರೆದಿದ್ದೀಯ. ಅವಳ ಭುಜ ಅಸಲಿನಲ್ಲಿ ಇರುವುದಕ್ಕಿಂತ ಚೂರೇ ಚೂರು ಬಾಗಿದೆ, ಚೂರು ಹೆಚ್ಚು ದಣಿದಿದ್ದಾಳೆ. ಬೆಂಚಿನ ಕೆಳಗಿನಿಂದ ನೀನು ಅವಳನ್ನು ನೋಡುತ್ತಿದ್ದೆಯೋ, ಪಕ್ಕದ ಕುರ್ಚಿಯಲ್ಲಿದ್ದ ನನ್ನನ್ನೋ ಎಂದು ಅನುಮಾನ ಬಂತು. ಹನ್ನೊಂದೂವರೆಗೆ ದೊಡ್ಡ ಮೇಡಂ ಕಾಲೇಜಿನವರನ್ನು ಕರೆದುಕೊಂಡು ಬಂದು, ನಿನ್ನ ನಕಲಿನ ಮುಂದೆ ನಿಂತು, ಈ ಹನಿಯಂಥ ಹನಿಯನ್ನು ಈಗಿನ ಕಾಲದಲ್ಲಿ ಬರೆಯುವ ಒಂದು ಕೈ ತೋರಿಸಿ ಎಂದು ಕಾಲು ಗಂಟೆ ಭಾಷಣ ಮಾಡಿದರು. ನಾನು ಸೆರಗು ಬಾಯಿಗಿಟ್ಟುಕೊಂಡು ಕೆಮ್ಮಿದಂತೆ ನಟಿಸಿದೆ. ಅಳು, ನಗು ಎರಡೂ ಒಟ್ಟಿಗೆ ಬಂದಿದ್ದವು. ಹೀಗೆ ಬಾಗಿಲು ಮುಚ್ಚುವ ತನಕ, ಏಳು ಗಂಟೆ ಹೊತ್ತು ಕೂತಿದ್ದೆ. ಆ ಏಳು ಗಂಟೆಯನ್ನು ನಾನು ಕದ್ದೆ ಎಂದೇ ಇಟ್ಟುಕೋ. ಅಷ್ಟು ಹೊತ್ತಿನಲ್ಲಿ ಕಳ್ಳ ಎಷ್ಟು ದೂರ ಹೋದನೋ, ಅದರ ಪಾಪ ನನ್ನದೇ.

ಸಂಜೆ ಐದಕ್ಕೆ ದೊಡ್ಡ ಮೇಡಂ ಕೋಣೆಗೆ ಹೋಗಿ, ಮೂರನೇ ಹಜಾರದ್ದು ನಕಲು ಎಂದೆ. ಅವರು ಮೊದಲು ನಕ್ಕರು. ಆಮೇಲೆ ಸಿಟ್ಟಾದರು. ‘ಮೂವತ್ತು ವರ್ಷ ಇದನ್ನೇ ಓದಿದೀನಿ, ನನಗೆ ಗೊತ್ತಾಗಲ್ವಾ?’ ಎಂದರು. ನೆರಳಿನ ಮಾತು ಹೇಳಿದೆ. ಹಳೆಯ ಫೋಟೋ ತೆಗೆಸಿ ಪಕ್ಕದಲ್ಲಿಟ್ಟು ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬರಿಗಣ್ಣಿನಿಂದ ಫೋಟೋವನ್ನೇ ನೋಡುತ್ತ ಕೂತರು. ಬೈದರೂ ಸಹಿಸಿಕೊಳ್ಳುತ್ತಿದ್ದೆ, ಅವರು ಹಾಗೆ ಕೂತದ್ದು ನೋಡಲಾಗಲಿಲ್ಲ. ಆಮೇಲೆ ‘ಇದನ್ನ ಬರೆದವರು ಯಾರು?’ ಎಂದು ಕೇಳಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನನಗಿದ್ದ ಬೆರಗೇ ಇತ್ತು. ನಾನು ಏನು ಹೇಳಿದೆ ಎಂಬುದನ್ನು ಬರೆಯಲು ಈಗ ಕೈ ಏಳುತ್ತಿಲ್ಲ. ಉಳಿದದ್ದನ್ನು ಮೊದಲು ಬರೆದು ಮುಗಿಸುತ್ತೇನೆ.

ಮಂಗಳವಾರ ಪೊಲೀಸರು ಬಂದರು. ಇನ್ಸ್‌ಪೆಕ್ಟರ್ ಹೆಂಗಸು, ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಅವಳು ಸ್ಟೋರಿನ ಬಾಗಿಲಲ್ಲಿ ನಿಂತು ಬಾಯಿ ತೆರೆಯುವ ಮುಂಚೆಯೇ ಬೀಗದ ಮಾಮ ಕೀಲಿ ಗೊಂಚಲು ಬಿಚ್ಚಿ ಅವಳ ಮುಂದೆ ಇಟ್ಟುಬಿಟ್ಟ. ನಕಲು ಒಂದಲ್ಲ, ಎರಡಂತೆ. ಬರುವಾಗ ಒಂದೇ ಚೌಕಟ್ಟಿನೊಳಗೆ ಹಿಂದೆ ಮುಂದೆ ಎರಡು ನಕಲು ಬಂದವು, ದಫ್ತರಿನಲ್ಲಿ ಒಂದು ಎಂದು ಬರೆದೆವು. ಸ್ಟೋರಿನೊಳಗೆ ಬೀಗದ ಮಾಮ ಅಸಲನ್ನು ಅದರ ಚೌಕಟ್ಟಿನಿಂದ ಬಿಡಿಸಿ, ಅಲ್ಲಿ ಎರಡನೆಯ ನಕಲನ್ನು ಕೂರಿಸಿದ. ಹೋಗುವಾಗ ಮುಂದೆ ನಕಲು, ಅದರ ಹಿಂದೆ ಅಸಲು, ಅದನ್ನು ಮುಚ್ಚಿ ನಮ್ಮದೇ ಮುದ್ರೆಯ ರಟ್ಟು. ಗೇಟಿನವನು ಸೆಲ್ಯೂಟ್ ಹೊಡೆದದ್ದು ಅದಕ್ಕೇ! ಮ್ಯಾನೇಜರ್ ಬೀಗದ ಮಾಮನಿಗೆ ಪಾಲು ಕೊಡುತ್ತೇನೆ, ಭಾನುವಾರ ಸಂಜೆ ಸೇತುವೆಯ ಬಳಿ ಕಾದಿರು ಎಂದಿದ್ದನಂತೆ. ಇವನು ಸೋಮವಾರ ಬೆಳಗಾಗುವ ತನಕ ಕಾದಿದ್ದಾನೆ. ಸಿನಿಮಾದಲ್ಲಿ ಮೂರು ಸಲ ಕೈಕೊಡುತ್ತಾರೆ, ಇಲ್ಲಿ ಒಂದೇ ಸಲಕ್ಕೆ ಮುಗಿಯಿತು. ನಿನಗೆ ಪೆನ್ಸಿಲ್ ಚೂಪು ಮಾಡಿಕೊಡುತ್ತಿದ್ದ ಮನುಷ್ಯ ಕಣೇ ಅವನು. ಕರೆದೊಯ್ಯುವಾಗ ನನ್ನ ಮುಖ ನೋಡಲಿಲ್ಲ.

ಕೆಂಪು ಟೋಪಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಟೋಪಿಯವನಿಗೇ ಟೋಪಿ ಹಾಕಿ ಹೋಗಿದ್ದ ಮ್ಯಾನೇಜರ್. ನಟಿಗೆ, ದೀಪದವರಿಗೆ, ಎಂಬತ್ತು ಜನಕ್ಕೂ ಅದು ನಿಜವಾದ ಸಿನಿಮಾವೇ ಆಗಿತ್ತು. ಆ ಮ್ಯಾನೇಜರ್ ಒಬ್ಬನಿಗೆ ಮಾತ್ರ ಆಗಿರಲಿಲ್ಲ. ಇನ್ಸ್‌ಪೆಕ್ಟರ್ ಹೇಳಿದಾಗ ಕೆಂಪು ಟೋಪಿ ಮೂರನೇ ಹಜಾರದ ನಡುವೆ ನೆಲದ ಮೇಲೇ ಕೂತು, ‘ಹಾಗಾದ್ರೆ ನನ್ನ ಸಿನಿಮಾ?’ ಎಂದು ಅತ್ತ. ಎರಡು ವರ್ಷ ಅವನು ಬರೆದ ಕಳ್ಳತನವನ್ನು ಅವನ ಕಣ್ಣೆದುರೇ ಇನ್ನೊಬ್ಬ ಮಾಡಿ ಮುಗಿಸಿದ್ದಾನೆ. ನಾನು ನೀರು ಕೊಟ್ಟೆ. ಮ್ಯಾನೇಜರ್ ಕೊಟ್ಟಿದ್ದ ವಿಳಾಸ ಸುಳ್ಳು, ಹೆಸರೂ ಸುಳ್ಳು. ಅವನ ನಿಜವಾದ ಮನೆ ಎಲ್ಲಿದೆಯೆಂದು ಎಂಬತ್ತು ಜನರಲ್ಲಿ ಒಬ್ಬರಿಗೂ ತಿಳಿಯದು.

ಮಂಗಳವಾರ ಮನೆಗೆ ಬಂದು ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ‘ನಮ್ಮ ಹುಡುಗಿ ಕಳ್ಳರ ಜೊತೆ ಸೇರಿದ್ದಾಳೆ ರೀ’ ಎಂದು ಅತ್ತೆ. ಅವರು ಎದ್ದು ಹೋಗಿ ಗುಂಡಿಗಳ ಡಬ್ಬಿ ತಂದು ನನ್ನ ಮುಂದೆ ಬೋರಲು ಹಾಕಿದರು. ಗುಂಡಿಗಳ ಜೊತೆ ನಿನ್ನ ಪತ್ರಗಳು ಬಿದ್ದವು. ಹನ್ನೊಂದು ಪತ್ರ! ಆರು ವರ್ಷ ಅಪ್ಪ ಮಗಳು ಸೇರಿ ನನ್ನ ಮೂಗಿನ ಕೆಳಗೇ ಅಂಚೆ ನಡೆಸಿದ್ದೀರಿ. ಊರಿನ ಚಿತ್ರ ಕಾಯುವವಳ ಮನೆಯಲ್ಲೇ ಇಂಥ ಕಳ್ಳ. ಅವರನ್ನು ಬೈಯಲು ಬಾಯಿ ತೆರೆದವಳು ಮೊದಲ ಪತ್ರ ಓದಲು ಕೂತೆ, ಹನ್ನೊಂದೂ ಮುಗಿಯುವ ತನಕ ಏಳಲಿಲ್ಲ. ನೀನು ಬಾಡಿಗೆಗೆ ಇರುವುದು ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಅಂಗಡಿಗಳ ಬೋರ್ಡು ಬರೆದು ಹೊಟ್ಟೆ ಹೊರೆದುಕೊಂಡದ್ದು, ಎರಡು ಚಳಿಗಾಲ ಕಿಟಕಿಗೆ ರಟ್ಟು ಅಂಟಿಸಿಕೊಂಡು ಕಳೆದದ್ದು, ಎಲ್ಲ ಈಗ ಗೊತ್ತಾಯಿತು. ಕೊನೆಯ ಪತ್ರದಲ್ಲಿ ಬರೆದಿದ್ದೀಯ, ‘ಅಪ್ಪಾ, ಸಿನಿಮಾದವರು ನಮ್ಮ ನೆಲ ಒರೆಸುವವಳನ್ನೇ ಬರೆಸ್ತಿದಾರೆ, ಒಂದು ಹಾಳಾದ್ರೆ ಇನ್ನೊಂದು ಇರಲಿ ಅಂತ ಎರಡು. ಫೋಟೋ ನೋಡಲೇ ಇಲ್ಲ, ಕಣ್ಣು ಮುಚ್ಚಿದ್ರೆ ಸಾಕು. ಅಮ್ಮನಿಗೆ ಹೇಳಬೇಡ. ಅವಳು ಥಿಯೇಟರಿನಲ್ಲಿ ಕೂತು ನೋಡಲಿ, ಕೊನೇಲಿ ನನ್ನ ಹೆಸರು ಬರುತ್ತಲ್ಲ, ಆಗ ಅವಳ ಮುಖ ನೀನು ನೋಡು.’ ಓದಿ ನಾನು ಅತ್ತದ್ದು ಎಷ್ಟೆಂದು ನಿಮ್ಮಪ್ಪನನ್ನೇ ಕೇಳು. ನೀನು ಕಳ್ಳಿಯಲ್ಲ. ಅದು ತಿಳಿದು ಎದೆಯ ಮೇಲಿನ ಬಂಡೆ ಇಳಿಯಿತು.

ಇನ್ನೊಂದು ಬಂಡೆ ಅಲ್ಲೇ ಉಳಿಯಿತು. ಅದೇ ಪತ್ರದಲ್ಲಿ ಮ್ಯಾನೇಜರ್ ಬಗ್ಗೆ ನಾಲ್ಕು ಸಾಲಿದೆ. ನನ್ನ ಚಿತ್ರದ ಮುಂದೆ ಗಂಟೆಗಟ್ಟಲೆ ಕೂರುತ್ತಾರೆ, ಒಳ್ಳೆಯವರು, ಚಿತ್ರಗಳನ್ನು ಅವರ ಮನೆಗೇ ಹೋಗಿ ಕೊಟ್ಟು ಬಂದೆ, ಮುಂದಿನ ವಾರ ಮತ್ತೆ ಬರುತ್ತಾರಂತೆ. ನಾಲ್ಕು ಸಾಲು ಏಕೆ, ತಾಯಿಗೆ ಎರಡು ಸಾಲು ಸಾಕು. ಅವನು ನಿನಗೆ ಬರೀ ಚಿತ್ರ ಬರೆಸಿದವನಲ್ಲ ಎಂದು ನನಗೆ ಅರ್ಥವಾಯಿತು. ಆರು ವರ್ಷದಲ್ಲಿ ನಿನ್ನ ಕೈಯನ್ನು ಒಬ್ಬರೂ ಹೊಗಳದಿದ್ದಾಗ ಹೊಗಳಿದವನು ಅವನು. ಹೊಗಳಿದ್ದು ಸುಳ್ಳೆಂದೂ ನಾನು ಹೇಳಲಾರೆ. ಆ ಚಿತ್ರದ ಮುಂದೆ ಕೂತವರು ಸುಳ್ಳು ಹೊಗಳಲಾರರು, ನಾನೂ ಕೂತು ನೋಡಿದ್ದೇನೆ. ಆದರೆ ಅವನು ಬೀಗದ ಮಾಮನಿಗೆ ಕೊಟ್ಟ ಕೈಯನ್ನೇ ನಿನಗೂ ಕೊಡುತ್ತಾನೆ ಮಗಳೇ. ಸಿಕ್ಕಿಬಿದ್ದರೆ ನಕಲು ಬರೆದವಳೇ ಯಜಮಾನಿ ಎಂದು ನಿನ್ನತ್ತ ಬೆರಳು ತೋರಿಸಲು ಅವನಿಗೆ ಒಂದು ನಿಮಿಷ ಬೇಕಿಲ್ಲ.

ಇಷ್ಟು ಬರೆದ ಮೇಲೆ ಆರು ವರ್ಷದಿಂದ ಬಾಕಿ ಇರುವ ಮಾತು ಬರೆಯದಿದ್ದರೆ ನಾನು ಮನುಷ್ಯಳೇ ಅಲ್ಲ. ನಿನಗೆ ಟಿಕೆಟ್ ಕೌಂಟರಿನ ಕೆಲಸ ಕೊಡಿಸಲೆಂದು ದೊಡ್ಡ ಮೇಡಂ ಕಾಲು ಕಟ್ಟಿ ಬಂದಿದ್ದೆ. ನೀನು ಬೇಡವೆಂದೆ. ಎದುರುಮನೆಯವರು ಕೂತಿರುವಾಗಲೇ ‘ಗೋಡೆಗೆ ಸುಣ್ಣ ಬಳಿಯೋಕೂ ಬರದ ಕೈ ನಿಂದು, ಅದರಲ್ಲಿ ಏನಿದೆ ಅಂತ ಇಷ್ಟು ಕೊಬ್ಬು?’ ಎಂದೆ. ನಿನ್ನ ಬಣ್ಣದ ಡಬ್ಬಿಯನ್ನು ಒಗೆಯುವ ನೀರಿಗೆ ಎಸೆದೆ. ನೀರು ನೀಲಿಯಾದದ್ದು ಈಗಲೂ ಕಣ್ಣ ಮುಂದಿದೆ. ನಾನು ಅಂದದ್ದು ತಪ್ಪು. ಹೆದರಿ ಅಂದೆ, ಹೊಟ್ಟೆಗೇನು ಮಾಡುತ್ತಾಳೆಂದು ಹೆದರಿ ಅಂದೆ, ಆದರೂ ತಪ್ಪು ತಪ್ಪೇ. ಲೋಕದ ಒಳ್ಳೆಯ ಚಿತ್ರಗಳ ನಡುವೆ ಇಪ್ಪತ್ತಾರು ವರ್ಷ ಕೂತವಳಿಗೆ ಮನೆಯೊಳಗಿನ ಕೈ ಕಾಣಲಿಲ್ಲ. ಕ್ಷಮಿಸು ಎಂದು ಕೇಳಲು ನನಗೆ ನಾಚಿಕೆಯಿಲ್ಲ. ಕೇಳುತ್ತಿದ್ದೇನೆ.

ನಿಮ್ಮಪ್ಪ ಬಾಗಿಲ ಬಳಿಯಿಂದಲೇ ಬೆನ್ನು ತಿರುಗಿಸಿಕೊಂಡು, ಕತ್ತರಿಯ ಜೊತೆ ಮಾತಾಡುವಂತೆ, ‘ಅವಳಿಗೊಂದು ಬೆಚ್ಚನೆ ಕೋಟು ಹೊಲಿದಿದೀನಿ ಅಂತ ಬರಿ’ ಎಂದರು. ಬರೆದಿದ್ದೇನೆ. ದೇವರು ನಿನ್ನ ಕಣ್ಣನ್ನೂ ಕೈಯನ್ನೂ ಚೆನ್ನಾಗಿಟ್ಟಿರಲಿ. ನೂರು ವರ್ಷ ಬರೆ, ನಿನ್ನ ಹೆಸರಿನಲ್ಲೇ ಬರೆ, ಮುನ್ನೂರು ವರ್ಷ ಆದ ಮೇಲೂ ಯಾವಳೋ ಒಬ್ಬಳು ಅದರ ಪಕ್ಕದಲ್ಲಿ ಕಾವಲು ಕೂರುವಂತಾಗಲಿ.

ನಿನ್ನ ಮೇಲೆ ಇನ್ನೂ ಸ್ವಲ್ಪ ಸಿಟ್ಟಿರುವ, ಸಿಟ್ಟಿಗಿಂತ ಹತ್ತು ಪಾಲು ಬೆರಗಾಗಿರುವ,
ಅಮ್ಮ

ಮರೆತ ಮಾತು, ಗುರುವಾರ ಬೆಳಿಗ್ಗೆ ಎಂಟೂವರೆ: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಯಾರು ಬರೆದವರು ಎಂದು ದೊಡ್ಡ ಮೇಡಂ ಕೇಳಿದಾಗ ಗೊತ್ತಿಲ್ಲ ಎನ್ನಲೆಂದೇ ಬಾಯಿ ತೆರೆದೆ. ಅಷ್ಟು ಚೆನ್ನಾದ ಕೆಲಸವನ್ನು ಯಾರದೋ ಎನ್ನಲು ನನ್ನಿಂದ ಆಗಲಿಲ್ಲ ಕಣೇ. ‘ನನ್ನ ಮಗಳು’ ಎಂದುಬಿಟ್ಟೆ. ನಿನ್ನೆ ಬೆಳಿಗ್ಗೆ ನಿನ್ನ ವಿಳಾಸವನ್ನೂ ಅಪ್ಪನಿಗೆ ಬರೆದ ಆ ಪತ್ರವನ್ನೂ ಇನ್ಸ್‌ಪೆಕ್ಟರ್ ಕೈಗೆ ಕೊಟ್ಟೆ, ನಿಮ್ಮಪ್ಪ ಮಾತು ಬಿಟ್ಟದ್ದು ಅದಕ್ಕೇ. ಅವನ ಮನೆ ಕಂಡವಳು ನೀನೊಬ್ಬಳೇ. ‘ಅವಳಾಗೇ ಬಂದು ಹೇಳಿದ್ರೆ ಸಾಕ್ಷಿ ಅಂತ ಬರ್ಕೋತೀನಿ, ನಾವು ಹೋಗಿ ಕರ್ಕೊಂಡು ಬಂದ್ರೆ ಅವನ ಜೊತೆಗಾತಿ ಅಂತ’ ಎಂದಳು ಇನ್ಸ್‌ಪೆಕ್ಟರ್. ಇವತ್ತು ಮಧ್ಯಾಹ್ನ ಹನ್ನೆರಡರ ತನಕ ಕಾಡಿ ಬೇಡಿ ಸಮಯ ತೆಗೆದುಕೊಂಡಿದ್ದೇನೆ. ಆಮೇಲೆ ಅವರು ಬರುತ್ತಾರೆ. ಎದುರಿಗೆ ನಿಂತರೆ ನಾನು ಅಳುತ್ತೇನೆ ಇಲ್ಲವೇ ಕಿರುಚುತ್ತೇನೆ, ಅದಕ್ಕೇ ಪತ್ರ. ಅಂಚೆಗೆ ಹಾಕಿಲ್ಲ, ಮೊದಲ ಬಸ್ಸಿಗೆ ನಾನೇ ತಂದು ಬಾಗಿಲ ಕೆಳಗೆ ತೂರಿಸುತ್ತಿದ್ದೇನೆ. ಸೈಕಲ್ ಅಂಗಡಿಯವರು ಹೇಳಿದರು, ನಿನ್ನ ಕೋಣೆಗೆ ಹಿಂದುಗಡೆಯೂ ಒಂದು ಮೆಟ್ಟಿಲು ಇದೆಯಂತೆ. ಅಲ್ಲಿ ಯಾರನ್ನೂ ನಿಲ್ಲಿಸಿಲ್ಲ. ನಾನು ಮುಂದಿನ ಮೆಟ್ಟಿಲ ಮೇಲೆ ಕೂತಿದ್ದೇನೆ.